ಬರೆದುಕೊಟ್ಟ ಚೀಟಿಯ ಹೊಣೆ



ಈ ದತ್ತಿಯ ಉಪನ್ಯಾಸಕ್ಕೆ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೊಂದನ್ನು ಆರಿಸಿಕೊಳ್ಳಿ ಎಂದು ಸಂಸ್ಥೆಯವರು ಹೇಳಿದಾಗ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಫೋನಿನಲ್ಲಿ ವೈದ್ಯರನ್ನು ಕಾಣುವುದು ಈಗ ಹೊಸಪೇಟೆಯಲ್ಲಾಗಲಿ, ಸಂಡೂರಿನ ಗಣಿ ಕಾಲೊನಿಯಲ್ಲಾಗಲಿ ಹೊಸ ಸುದ್ದಿಯಲ್ಲ. ಹಾಗೆ ಕಂಡ ವೈದ್ಯರು “ನೀವು ದೊಡ್ಡ ಆಸ್ಪತ್ರೆಗೆ ಹೋಗಬೇಕು” ಎಂದಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಮಾತ್ರ ಚರ್ಚೆ ಕಡಿಮೆ. ಇಂದಿನ ನನ್ನ ಮಾತು ಅದರ ಬಗ್ಗೆ, ಅಂದರೆ ಆನ್‌ಲೈನ್ ಸಮಾಲೋಚನೆಯಿಂದ ಹುಟ್ಟುವ ರೆಫರಲ್ ಚೀಟಿಯ ಬಗ್ಗೆ.

ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯಲ್ಲಿ ರೋಗಿ ನಡೆಯುವ ದಾರಿ ಹೇಗಿದೆ ಎಂಬುದನ್ನು ಮೊದಲು ನೋಡೋಣ. ಆಮೇಲೆ ದೂರ ಸಮಾಲೋಚನೆಯ ವ್ಯವಸ್ಥೆ ಮತ್ತು ಅದರ ನಿಯಮಗಳು. ಮೂರನೆಯದಾಗಿ, ಪರದೆಯ ಮೇಲೆ ಯಾವುದನ್ನು ತೀರ್ಮಾನಿಸಬಹುದು, ಯಾವುದನ್ನು ತೀರ್ಮಾನಿಸಬಾರದು. ಇದಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಕೊನೆಗೆ, ಚೀಟಿ ಯಾವ ಬಾಗಿಲು ತೆರೆಯುತ್ತದೆ, ಅದಕ್ಕೆ ಉತ್ತರ ಯಾರು ಬರೆಯಬೇಕು ಎಂಬ ಪ್ರಶ್ನೆ. ಇವೆಲ್ಲದರ ಹಿಂದೆ ಇರುವ ನನ್ನ ನಂಬಿಕೆ ಒಂದೇ. ದೂರದ ವೈದ್ಯರಿಂದ ನಮಗೆ ಸಿಗಬಹುದಾದ ಅತಿ ದೊಡ್ಡ ಉಪಕಾರವೆಂದರೆ ಯಾರು ಮನೆಯಲ್ಲೇ ಇರಬಹುದು, ಯಾರು ಹೊರಡಬೇಕು, ಎಷ್ಟು ಬೇಗ, ಎಲ್ಲಿಗೆ ಎಂಬ ತೀರ್ಮಾನ. ಆ ತೀರ್ಮಾನವನ್ನು ಹೊತ್ತ ಚೀಟಿಯನ್ನು ತಲುಪಿದ ಆಸ್ಪತ್ರೆ ಓದಿ, ಉತ್ತರಿಸುವವರೆಗೂ ಸಮಾಲೋಚನೆ ಮುಗಿದಿಲ್ಲ ಎಂದೇ ನಾವು ತಿಳಿಯಬೇಕು.

ಮೊದಲು ನೆಲದ ಮಾತು. 2021ರ ಅಕ್ಟೋಬರ್ 2ರಂದು ವಿಜಯನಗರವು ಕರ್ನಾಟಕದ 31ನೆಯ ಜಿಲ್ಲೆಯಾಗಿ ಉದ್ಘಾಟನೆಗೊಂಡಿತು. ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಹಂಪಿ, ಕಮಲಾಪುರ ಹೊಸಪೇಟೆ ತಾಲ್ಲೂಕಿನಲ್ಲೇ ಉಳಿದವು. ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ನಕ್ಷೆಯ ಮೇಲೆ ಇದು ಒಂದು ಗೆರೆ. ರೋಗಿಗೆ ಹಾಗಲ್ಲ. ಕಂಪ್ಲಿಯವರಿಗೆ ಹೊಸಪೇಟೆ ಹತ್ತಿರ, ಬಳ್ಳಾರಿ ದೂರ. ನದಿ ದಾಟಿದರೆ ಕೊಪ್ಪಳ ಜಿಲ್ಲೆಯ ಗಂಗಾವತಿ ಇನ್ನೂ ಹತ್ತಿರ. ಆದರೆ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿಯ ದಾರಿ ಮುಚ್ಚುತ್ತದೆ. ಸಂಡೂರಿನವರು ಬೆಟ್ಟ ಸುತ್ತಿ, ಅದಿರಿನ ಲಾರಿಗಳ ನಡುವೆ ತೋರಣಗಲ್ಲಿಗೋ ಹೊಸಪೇಟೆಗೋ ಬಳ್ಳಾರಿಗೋ ಹೋಗಬೇಕು. ಇವರೆಲ್ಲರ ಬಾಯಲ್ಲೂ “ದೊಡ್ಡಾಸ್ಪತ್ರಿ” ಎಂದರೆ ಬಹುಮಟ್ಟಿಗೆ ಬಳ್ಳಾರಿಯ ವಿಮ್ಸ್. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾದ ಆ ಸಂಸ್ಥೆಯ ಹೆಸರು ಈಚೆಗೆ ಬದಲಾಗಿದೆ. ಜನ ಇಂದಿಗೂ ವಿಮ್ಸ್ ಎಂದೇ ಕರೆಯುತ್ತಾರೆ.

ಕೂಲಿಯ ಕುಟುಂಬವೊಂದಕ್ಕೆ ಬಳ್ಳಾರಿಗೆ ಹೋಗಿಬರುವುದೆಂದರೆ ಬಸ್ ಚಾರ್ಜಿನ ಜೊತೆಗೆ ಇಬ್ಬರ ಒಂದು ದಿನದ ಕೂಲಿ ಹೋಯಿತು. ಹೊರರೋಗಿ ವಿಭಾಗದ ವೇಳೆ ಮುಗಿದಮೇಲೆ ತಲುಪಿದರೆ ರಾತ್ರಿ ಅಲ್ಲೇ ಕಳೆಯಬೇಕು. ಅಲ್ಲಿಗೆ ಹೋದಮೇಲೆ “ಇದಕ್ಕೆ ಇಲ್ಲಿಗೆ ಯಾಕೆ ಬಂದಿರಿ?” ಎಂದು ಕೇಳಿಸಿಕೊಂಡರೆ ಆ ಕುಟುಂಬ ಮುಂದಿನ ಸಲ ಹೋಗಲೇಬೇಕಾದಾಗಲೂ ಹೋಗುವುದಿಲ್ಲ. ಅನವಶ್ಯಕವಾಗಿ ಕಳಿಸಿದ ರೆಫರಲ್‌ನ ನಷ್ಟವನ್ನು ನಾವು ಹಣದಲ್ಲಿ ಮಾತ್ರ ಲೆಕ್ಕ ಹಾಕುತ್ತೇವೆ. ನಂಬಿಕೆಯಲ್ಲಿ ಆದ ನಷ್ಟ ಲೆಕ್ಕಕ್ಕೆ ಬರುವುದೇ ಇಲ್ಲ.

ಹಂತ ಹಂತವಾಗಿ ಮೇಲಕ್ಕೆ ಕಳಿಸುವ ಕಲ್ಪನೆ ಹೊಸದಲ್ಲ. 1946ರಲ್ಲಿ ಭೋರ್ ಸಮಿತಿ ಈ ದೇಶಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ದೊಡ್ಡ ಆಸ್ಪತ್ರೆ, ಅದರ ಮೇಲೆ ಜಿಲ್ಲಾ ಆಸ್ಪತ್ರೆ ಎಂಬ ರಚನೆಯನ್ನು ಕೊಟ್ಟಿತು. ಇಂದಿನ ಮಾನದಂಡದಂತೆ ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಮೆಟ್ಟಿಲುಗಳು ಕಾಗದದ ಮೇಲೆ ಇದ್ದೇ ಇವೆ. ಒಂದರಿಂದ ಇನ್ನೊಂದಕ್ಕೆ ರೋಗಿಯ ಜೊತೆಗೆ ಅವನ ವಿಷಯವೂ ಏರಿ ಹೋಗುವ ಏರ್ಪಾಡು ಮಾತ್ರ ಎಂದೂ ಗಟ್ಟಿಯಾಗಲಿಲ್ಲ. ಈ ಕೊರತೆಯನ್ನು ತುಂಬಲು ಬಂದ ಸಾಧನವೆಂದು ನಾನು ದೂರ ಸಮಾಲೋಚನೆಯನ್ನು ನೋಡುತ್ತೇನೆ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಕರ್ನಾಟಕಕ್ಕೆ ಟೆಲಿಮೆಡಿಸಿನ್ ಕೊರೊನಾ ಜೊತೆಗೆ ಬಂತೆಂದು ಅನೇಕರು ತಿಳಿದಿದ್ದಾರೆ. ಈ ಶತಮಾನದ ಮೊದಲ ವರ್ಷಗಳಲ್ಲೇ ಇಸ್ರೊದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆಗ ಅದಕ್ಕೆ ಆಂಟೆನಾ ಬೇಕಿತ್ತು, ಪ್ರತ್ಯೇಕ ಕೋಣೆ ಬೇಕಿತ್ತು, ತಂತ್ರಜ್ಞರು ಬೇಕಿತ್ತು. ಇಂದು ಉಪಕೇಂದ್ರದ ಒಂದು ಟ್ಯಾಬ್ ಸಾಕು.

ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆಯನ್ನು ಕಟ್ಟಿಕೊಟ್ಟದ್ದು ಮೊಹಾಲಿಯ ಸಿ-ಡ್ಯಾಕ್. ಇದರಲ್ಲಿ ಎರಡು ಬಗೆ. ಮೊದಲನೆಯದು 2019ರ ನವೆಂಬರ್‌ನಲ್ಲಿ ಆರಂಭವಾಯಿತು. ಅದರಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತಾಡುತ್ತಾರೆ. ಎರಡನೆಯದು 2020ರ ಏಪ್ರಿಲ್ 13ರಂದು, ಲಾಕ್‌ಡೌನ್ ನಡುವೆ ಬಂತು. ಅದರಲ್ಲಿ ರೋಗಿ ಮನೆಯಿಂದಲೇ ನೋಂದಾಯಿಸಿ, ಟೋಕನ್ ಪಡೆದು ವೈದ್ಯರನ್ನು ಕಾಣುತ್ತಾರೆ. ಇವುಗಳಲ್ಲಿ ನಮ್ಮ ಸೀಮೆಗೆ ಹೆಚ್ಚು ಬೇಕಾದದ್ದು ಮೊದಲನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಅಲ್ಲಿ ಬಿಪಿ ನೋಡುವ, ಸಕ್ಕರೆ ಪರೀಕ್ಷಿಸುವ, ಹಿಮೋಗ್ಲೋಬಿನ್ ಅಳೆಯುವ ಕೈಗಳಿವೆ. “ಎದಿ ಹಿಡದಂಗಾಗೈತಿ” ಎಂದು ಹೇಳಿದ್ದನ್ನು ಹಳೆ ಮೈಸೂರಿನ ವೈದ್ಯರಿಗೆ ತಿಳಿಸಿ ಹೇಳುವವರಿದ್ದಾರೆ. ತಾಂಡಾದ ಅಜ್ಜಿಯ ಲಂಬಾಣಿ, ಗಡಿಯ ಹಳ್ಳಿಯ ತೆಲುಗು, ಕಂಪ್ಲಿ ಪೇಟೆಯ ಉರ್ದು ಇವೆಲ್ಲ ವೈದ್ಯರ ಕಿವಿಗೆ ತಪ್ಪಿಲ್ಲದೆ ಮುಟ್ಟಬೇಕಾದರೆ ಊರನ್ನು ಬಲ್ಲ ಒಬ್ಬರು ನಡುವೆ ಇರಲೇಬೇಕು. ಸಂಕಟವನ್ನು ಅರ್ಧ ಕೇಳಿಸಿಕೊಂಡು ಬರೆದ ಚೀಟಿ ರೋಗಿಯನ್ನು ತಪ್ಪು ವಿಭಾಗದ ಸಾಲಿನಲ್ಲಿ ನಿಲ್ಲಿಸುತ್ತದೆ.

ನಿಯಮಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ನೋಂದಾಯಿತ ವೈದ್ಯರು ವಿಡಿಯೊ, ಫೋನ್ ಅಥವಾ ಬರಹದ ಮೂಲಕ ಸಮಾಲೋಚನೆ ನಡೆಸಬಹುದು. ಔಷಧ ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಮಾದಕ ವಸ್ತುಗಳ ಕಾಯ್ದೆಗೆ ಒಳಪಟ್ಟ ಔಷಧಗಳನ್ನು ಈ ದಾರಿಯಲ್ಲಿ ಬರೆಯುವಂತಿಲ್ಲ. ಕೃತಕ ಬುದ್ಧಿಮತ್ತೆಯ ವೇದಿಕೆಗಳು ತಾವಾಗಿ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದೇ ಅರ್ಥ. ಆರೋಗ್ಯ ಕಾರ್ಯಕರ್ತರು ಕರೆ ಮಾಡಿಸಿದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದ ಅಂಶ ತುರ್ತು ಸ್ಥಿತಿಯದು. ಅಂಥಲ್ಲಿ ಬೇರೆ ಸೌಲಭ್ಯ ಹತ್ತಿರದಲ್ಲಿಲ್ಲದಿದ್ದರೆ ಪ್ರಥಮ ಚಿಕಿತ್ಸೆ, ಜೀವ ಉಳಿಸುವ ಕ್ರಮ ಮತ್ತು ರೆಫರಲ್ ಸಲಹೆ ಇಷ್ಟಕ್ಕೇ ದೂರ ಸಮಾಲೋಚನೆ ಸೀಮಿತವಾಗಬೇಕು, ರೋಗಿ ಆದಷ್ಟು ಬೇಗ ನೇರ ಚಿಕಿತ್ಸೆಗೆ ತಲುಪಬೇಕು. ನೇರ ತಪಾಸಣೆ ಬೇಕೇ ಬೇಡವೇ ಎಂದು ನಿರ್ಧರಿಸುವ ಅಧಿಕಾರ ವೈದ್ಯರದು. ಯಾವ ಕಂಪನಿಯ ಆ್ಯಪ್ ಕೂಡ ಅದನ್ನು ಕಸಿಯುವಂತಿಲ್ಲ.

ಇನ್ನು ನನ್ನ ಮಾತಿನ ಮುಖ್ಯ ಭಾಗ. ಯಾವುದಕ್ಕೆ ಪರದೆ ಸಾಕು, ಯಾವುದಕ್ಕೆ ಸಾಲದು? ಇದನ್ನು ನಾಲ್ಕು ಉದಾಹರಣೆಗಳಲ್ಲಿ ವಿವರಿಸುತ್ತೇನೆ.

ಕಂಪ್ಲಿಯ ಸುತ್ತಮುತ್ತ ಭತ್ತದ ಗದ್ದೆ, ಕಬ್ಬು, ಬಾಳೆಯ ತೋಟಗಳಿವೆ. ಹಾವು ಕಚ್ಚುವುದು ಅಲ್ಲಿ ಅಪರೂಪವಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಚ್ಚಿದವರು ವಿಡಿಯೊ ಕಾಲ್‌ಗೆ ಕಾಯುತ್ತ ಕೂರಬಾರದು. 108ಕ್ಕೆ ಕರೆ ಮಾಡಿ ಹೊರಡಬೇಕು. ಇಲ್ಲಿ ದೂರದ ತಜ್ಞರ ಪಾತ್ರ ಬರುವುದು ರೋಗಿ ಮೊದಲ ಆಸ್ಪತ್ರೆಯನ್ನು ತಲುಪಿದ ಮೇಲೆ. ವಿಷ ಏರಿದ ಲಕ್ಷಣ ಕಂಡರೆ ಪ್ರತಿವಿಷದ ಮೊದಲ ಪ್ರಮಾಣವನ್ನು, ಅಂದರೆ 8ರಿಂದ 10 ವಯಲ್‌ಗಳನ್ನು, ಅಲ್ಲೇ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸಬೇಕು. ಆದರೆ ಒಬ್ಬರೇ ಕರ್ತವ್ಯದಲ್ಲಿರುವ ಕಿರಿಯ ವೈದ್ಯರಿಗೆ ಪ್ರತಿವಿಷದಿಂದ ಅಲರ್ಜಿಯಾದರೆ ಎಂಬ ಭಯ. ಆ ಭಯದಲ್ಲಿ “ಬಳ್ಳಾರಿಗೆ ಕರಕೊಂಡ್ ಹೋಗ್ರಿ” ಎಂದು ಬರೆದುಕೊಟ್ಟರೆ ವಿಷ ದಾರಿಯುದ್ದಕ್ಕೂ ತನ್ನ ಕೆಲಸ ಮಾಡುತ್ತದೆ. ಆ ಗಳಿಗೆಯಲ್ಲಿ ಬಳ್ಳಾರಿಯ ಹಿರಿಯ ವೈದ್ಯರೊಬ್ಬರು ಫೋನಿನಲ್ಲಿ ಸಿಕ್ಕಿ, “ಶುರು ಮಾಡಿ, ಅಡ್ರಿನಲಿನ್ ಕೈಯಲ್ಲಿಟ್ಟುಕೊಳ್ಳಿ, ನಾನು ಲೈನಿನಲ್ಲಿದ್ದೇನೆ” ಎಂದರೆ ಅದು ಜೀವ ಉಳಿಸುವ ಸಮಾಲೋಚನೆ. ಅದು ವೈದ್ಯರಿಗೂ ವೈದ್ಯರಿಗೂ ನಡುವಿನ ಮಾತು. ಅಂಥ ಮಾತಿಗೆ ಬೇಕಾದ ಏರ್ಪಾಡು ನಮ್ಮಲ್ಲಿ ಇನ್ನೂ ವ್ಯಕ್ತಿಗಳ ಪರಿಚಯವನ್ನು ನಂಬಿಕೊಂಡಿದೆ. ಪರಿಚಯವಿರುವ ವೈದ್ಯರ ರೋಗಿ ಬದುಕುತ್ತಾನೆ, ಪರಿಚಯವಿಲ್ಲದವರ ರೋಗಿ ಅಂಬುಲೆನ್ಸ್‌ನಲ್ಲಿರುತ್ತಾನೆ. ಇದನ್ನು ಒಪ್ಪಿಕೊಂಡು ಸುಮ್ಮನಿರಲು ನನ್ನಿಂದಾಗದು.

ಎರಡನೆಯದು ಹೃದಯಾಘಾತ. ಇಲ್ಲಿ ರಾಜ್ಯ ಒಳ್ಳೆಯ ದಾರಿಯೊಂದನ್ನು ತೋರಿಸಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನ್ ಮೂಲಕ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿಯ ಔಷಧ ಅದು. ಆಮೇಲೆ ರೋಗಿ ಆಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡುತ್ತಾನೆ. ಈ ಕ್ರಮದ ಸೊಗಸನ್ನು ಗಮನಿಸಿ. ರೆಫರ್ ಮಾಡುವ ಮುನ್ನ ಚಿಕಿತ್ಸೆ ಆರಂಭವಾಗಿದೆ. ಕಳಿಸುವವರಿಗೂ ಬರಮಾಡಿಕೊಳ್ಳುವವರಿಗೂ ಒಂದೇ ಇಸಿಜಿ ಕಣ್ಣ ಮುಂದಿದೆ. ದಾರಿಯಲ್ಲಿ ಕಳೆದುಹೋಗುವ ಮಾಹಿತಿ ಇಲ್ಲ.

ಮೂರನೆಯದು ಬಾಯಿಯ ಹುಣ್ಣು. ಗುಟ್ಕಾ, ತಂಬಾಕು ನಮ್ಮ ಭಾಗದಲ್ಲಿ ಮಾಡುತ್ತಿರುವ ಹಾನಿ ನಿಮಗೆಲ್ಲ ಗೊತ್ತು. ಬಾಯೊಳಗಿನ ಬಿಳಿಯ ಮಚ್ಚೆಯದೋ ಕೆಂಪು ಹುಣ್ಣಿನದೋ ಫೋಟೊ ತೆಗೆದು ಕಳಿಸಿದರೆ ದೂರದ ವೈದ್ಯರು ಅನುಮಾನ ಪಡಬಹುದು. ಅಷ್ಟೇ ಬೇಕಾದದ್ದು. ಎರಡು ಮೂರು ವಾರವಾದರೂ ಮಾಯದ ಹುಣ್ಣಿಗೆ ಮತ್ತೊಂದು ಮುಲಾಮು ಬರೆಯುವುದು ಆ ರೋಗಿಗೆ ಮಾಡುವ ಅನ್ಯಾಯ. ತುಣುಕು ತೆಗೆದು ಪರೀಕ್ಷಿಸುವ ಜಾಗಕ್ಕೆ ಅವನನ್ನು ಕಳಿಸಬೇಕು. ಸಂಡೂರಿನ ಗಣಿ ದೂಳಿನಲ್ಲಿ ದುಡಿದವರ ಹಳೆಯ ಕೆಮ್ಮಿಗೂ ಇದೇ ಮಾತು. ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಆಗದೆ ಅದು ಕ್ಷಯವೋ, ದೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆಯೋ, ಎರಡೂ ಕೂಡಿಯೋ ಎಂದು ಯಾರೂ ಹೇಳಲಾರರು. ಚೀಟಿಯಲ್ಲಿ “ಕೆಮ್ಮು” ಎಂದಷ್ಟೇ ಇದ್ದರೆ ಸಾಲದು. ಎಷ್ಟು ವರ್ಷ, ಗಣಿಯಲ್ಲಿ ಯಾವ ಕೆಲಸ ಮಾಡಿದ್ದಾನೆ ಎಂಬುದನ್ನು ಬರೆದರೆ ಬಳ್ಳಾರಿಯ ವೈದ್ಯರ ಆಲೋಚನೆಯ ದಿಕ್ಕೇ ಬೇರೆಯಾಗುತ್ತದೆ.

ನಾಲ್ಕನೆಯದು ನನಗೆ ಬಹಳ ಪ್ರಿಯವಾದ ಉದಾಹರಣೆ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ವಿಕಾರವಾಗಿ ಬೆಳೆಯುವ ಒಂದು ರೋಗವಿದೆ. ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆಯಾಗಬೇಕು. ತೀವ್ರವಾಗಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆಯಾಗಬೇಕು. ತಡವಾದರೆ ಮಗು ಜೀವನಪೂರ್ತಿ ಕುರುಡಾಗಬಹುದು. ಈ ಪರೀಕ್ಷೆಯನ್ನು ಬಲ್ಲ ನೇತ್ರತಜ್ಞರು ದೇಶದಲ್ಲೇ ಕಡಿಮೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ ಕಿಡ್‌ರಾಪ್ ಎಂಬ ಕಾರ್ಯಕ್ರಮ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಶಿಶುವಿನ ಕಣ್ಣಿನ ಒಳಚಿತ್ರ ತೆಗೆಯುತ್ತಾರೆ, ಚಿತ್ರಗಳು ಇಂಟರ್‌ನೆಟ್ ಮೂಲಕ ತಜ್ಞರಿಗೆ ತಲುಪುತ್ತವೆ. ಕೆಲಸ ಮುಂದೆ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಹರಡಿತು. ತಂತ್ರಜ್ಞರು ಚಿತ್ರವನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುವ ಕ್ರಮ ಕಲಿತರು. ತಕ್ಷಣ ಚಿಕಿತ್ಸೆ ಬೇಕಾದ ಶಿಶು, ಮತ್ತೆ ನೋಡಬೇಕಾದ ಶಿಶು, ಇನ್ನು ಮನೆಗೆ ಹೋಗಬಹುದಾದ ಶಿಶು ಎಂದು ತಾಯಿಯ ಎದುರಿಗೇ ತಿಳಿಯುತ್ತದೆ. ನಾಲ್ಕು ಜಿಲ್ಲೆ ದಾಟಿ ಬೆಂಗಳೂರಿಗೆ ಹೋಗಬೇಕಾಗಿದ್ದ ಬಾಣಂತಿಯರಲ್ಲಿ ಹೆಚ್ಚಿನವರು ಹೋಗಬೇಕಾಗಿರಲಿಲ್ಲ. ಚಿಕಿತ್ಸೆ ಬೇಕಾದ ಕೆಲವೇ ಶಿಶುಗಳು ಒಂದು ದಿನವೂ ತಡವಾಗದೆ ತಜ್ಞರ ಕೈ ಸೇರಬೇಕಿತ್ತು. ರೆಫರಲ್‌ನ ಗುರಿ ಇಷ್ಟು ಸ್ಪಷ್ಟವಾಗಿ ಕಂಡ ಇನ್ನೊಂದು ಕೆಲಸ ನಮ್ಮ ರಾಜ್ಯದಲ್ಲಿ ನನಗೆ ಕಾಣುವುದಿಲ್ಲ.

ಹಂಪಿಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಬಿಸಿಲಿನಲ್ಲಿ ಮಾತಂಗ ಪರ್ವತ ಹತ್ತಿ ಸುಸ್ತಾದ ಪ್ರವಾಸಿಗರು ತಮ್ಮೂರಿನ ವೈದ್ಯರಿಗೆ ವಿಡಿಯೊ ಕಾಲ್ ಮಾಡುವುದುಂಟು. ಆ ವೈದ್ಯರಿಗೆ ಕಮಲಾಪುರ ಎಲ್ಲಿದೆ, ಹೊಸಪೇಟೆ ಎಷ್ಟು ದೂರ ಎಂದು ಗೊತ್ತಿರುವುದಿಲ್ಲ. “ಹತ್ತಿರದ ಆಸ್ಪತ್ರೆಗೆ ಹೋಗಿ” ಎಂದಷ್ಟೇ ಹೇಳಬಲ್ಲರು. ಇಲ್ಲಿನ ಗೈಡುಗಳು, ಆಟೊದವರು, ತೆಪ್ಪ ನಡೆಸುವವರು ಆ ಸಲಹೆಯನ್ನು ಪೂರ್ತಿ ಮಾಡುತ್ತಾರೆ. ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವುದು ಈ ಊರಿನ ಸಂಸ್ಥೆಗಳಿಂದ ಆಗಬಹುದಾದ ಕೆಲಸ.

ಈಗ ಕೊನೆಯ ಭಾಗ, ಚೀಟಿ ತೆರೆಯುವ ಬಾಗಿಲು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಚಿಕಿತ್ಸೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಸರಳ ದ್ವಿತೀಯ ಹಂತದ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸಂಕೀರ್ಣ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ಅಲ್ಲಿಂದ ರೆಫರಲ್ ಪಡೆದು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೇರವಾಗಿ ಹೋಗಬಹುದು.

ಜನ ಎಡವುವುದು ಇಲ್ಲೇ. ಖಾಸಗಿ ಆ್ಯಪ್‌ನಲ್ಲಿ ಹಣ ಕಟ್ಟಿ ತಜ್ಞರನ್ನು ಕಂಡು, ಅವರು ಪಿಡಿಎಫ್‌ನಲ್ಲಿ ಕಳಿಸಿದ ರೆಫರಲ್ ಹಿಡಿದು ಬಡ ಕುಟುಂಬವೊಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗುತ್ತದೆ. ಆ ಚೀಟಿ ವೈದ್ಯಕೀಯವಾಗಿ ಸರಿಯಾಗಿರಬಹುದು, ಬುದ್ಧಿವಂತಿಕೆಯದೂ ಆಗಿರಬಹುದು. ಯೋಜನೆಯ ಬಾಗಿಲು ಅದರಿಂದ ತೆರೆಯುವುದಿಲ್ಲ. ಆ ರೆಫರಲ್ ಸರ್ಕಾರಿ ಆಸ್ಪತ್ರೆಯಿಂದಲೇ ಬರಬೇಕು. ಇಎಸ್‌ಐ ವಿಮೆಗೆ ಒಳಪಟ್ಟ ಕಾರ್ಖಾನೆ ಕಾರ್ಮಿಕರಿಗೂ ಹೀಗೆಯೇ, ಅವರ ದಾರಿ ಇಎಸ್‌ಐ ಚಿಕಿತ್ಸಾಲಯದಿಂದ ಹೊರಡಬೇಕು. ಆದ್ದರಿಂದ ಹಳ್ಳಿಗಳಿಂದ ಬಂದಿರುವ ಆಶಾ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿ: ಆನ್‌ಲೈನ್ ತಜ್ಞರ ಚೀಟಿಯನ್ನು ಎಸೆಯಬೇಡಿ, ಅದನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದಿಡಿ, ಅವರಿಂದ ಸರಿಯಾದ ರೆಫರಲ್ ಪಡೆದು ಆಮೇಲೆ ಕಳಿಸಿ. ಎದೆನೋವು, ಪಾರ್ಶ್ವವಾಯು, ಅಪಘಾತ, ಹೆರಿಗೆಯ ರಕ್ತಸ್ರಾವದಂಥ ತುರ್ತಿನಲ್ಲಿ ಮಾತ್ರ ಯಾವ ಚೀಟಿಗೂ ಕಾಯಬೇಡಿ.

ಚೀಟಿಯಲ್ಲಿ ಏನಿರಬೇಕು ಎಂದು ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಕೇಳಬಹುದು. ತೊಂದರೆ ಯಾವಾಗ ಆರಂಭವಾಯಿತು, ನಾಡಿ, ಬಿಪಿ, ಆಮ್ಲಜನಕದ ಮಟ್ಟ ಎಷ್ಟಿತ್ತು, ಏನೆಂದು ಅನುಮಾನ, ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟಿದ್ದೇವೆ, ಯಾಕೆ ಕಳಿಸುತ್ತಿದ್ದೇವೆ, ಕಳಿಸಿದವರ ಫೋನ್ ಸಂಖ್ಯೆ ಯಾವುದು ಇಷ್ಟಿದ್ದರೆ ಸಾಕು. ಗರ್ಭಿಣಿಯಾದರೆ ತಾಯಿ ಕಾರ್ಡ್ ಜೊತೆಗಿರಲಿ. ಇವುಗಳಲ್ಲಿ ಬಹುಪಾಲು ಎಲ್ಲ ನಮೂನೆಗಳಲ್ಲೂ ಇವೆ, ಖಾಲಿ ಬಿಡುವ ಅಭ್ಯಾಸ ಹೋಗಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಉತ್ತರದ ಚೀಟಿ. ಬಳ್ಳಾರಿಯಲ್ಲಿ ರೋಗಿಗೆ ಏನೆಂದು ಗೊತ್ತಾಯಿತು, ಏನು ಮಾಡಿದರು, ಇನ್ನು ಯಾವ ಗುಳಿಗೆ, ಮತ್ತೆ ಯಾವಾಗ ಬರಬೇಕು ಎಂಬುದು ಕಳಿಸಿದ ಉಪಕೇಂದ್ರಕ್ಕೆ ಬಹುತೇಕ ತಿರುಗಿ ಬರುವುದೇ ಇಲ್ಲ. ರೋಗಿ ಬಿಡುಗಡೆಯ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾನೆ. ಆ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಉತ್ತರ ಬಂದರೆ ಮುಂದಿನ ತಪಾಸಣೆಗಳಲ್ಲಿ ಅನೇಕವನ್ನು ಉಪಕೇಂದ್ರದಲ್ಲೇ, ಅದೇ ಟ್ಯಾಬ್ ಮೂಲಕ, ಅದೇ ತಜ್ಞರೊಡನೆ ಮುಗಿಸಬಹುದು. ನೇರವಾಗಿ ಕಂಡ ವೈದ್ಯರೇ ಅದೇ ಕಾಯಿಲೆಗೆ 6 ತಿಂಗಳೊಳಗೆ ಮಾಡುವ ಮರುಸಮಾಲೋಚನೆಯಲ್ಲಿ ಔಷಧ ಬರೆಯಲು ಮಾರ್ಗಸೂಚಿ ಹೆಚ್ಚು ಅವಕಾಶ ಕೊಟ್ಟಿದೆ. ದೂರ ಸಮಾಲೋಚನೆ ಬಡವರಿಗೆ ನಿಜವಾಗಿ ಹಣ ಉಳಿಸುವುದು ಈ ಹಿಂದಿರುಗುವ ದಾರಿಯಲ್ಲಿ. ಆಭಾ ಎಂಬ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆ ಇದಕ್ಕೆ ನೆರವಾಗಬಲ್ಲದು, ಆದರೆ ಉತ್ತರ ಬರೆಯುವ ಕೆಲಸ ಇಂಥವರದು ಎಂದು ನಿಗದಿಯಾಗಬೇಕು.

ಅದಕ್ಕೆ ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಸಂಗತಿ ನೆನಪಿಸುತ್ತೇನೆ. ಗಣಿ ಪ್ರದೇಶಗಳ ಜನರಿಗಾಗಿಯೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಅದರ ಕನಿಷ್ಠ ಶೇ 70 ಭಾಗ ಆದ್ಯತೆಯ ಕ್ಷೇತ್ರಗಳಿಗೆ ಹೋಗಬೇಕು, ಆರೋಗ್ಯ ಅವುಗಳಲ್ಲೊಂದು. ಸಂಡೂರಿನ ನೆಲದಿಂದ ಎದ್ದ ಅದಿರಿನ ಹಣ ಅದು. ಕಟ್ಟಡಗಳಿಗೆ ಅದರಲ್ಲಿ ಪಾಲು ಇರಲಿ. ಅದೇ ನಿಧಿಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ತೆರೆದಿರುವ ಒಂದು ರೆಫರಲ್ ಮೇಜು ಬೇಕು ಎಂದು ನಾನು ಸಂಬಂಧಪಟ್ಟವರಲ್ಲಿ ಬಹಿರಂಗವಾಗಿ ಕೇಳುತ್ತಿದ್ದೇನೆ. ಕನ್ನಡ, ತೆಲುಗು, ಉರ್ದು ಬಲ್ಲ ಇಬ್ಬರು ನರ್ಸ್‌ಗಳು, ಕರೆ ಸ್ವೀಕರಿಸುವ ಒಬ್ಬ ವೈದ್ಯರು, ಒಂದು ಕಂಪ್ಯೂಟರ್ ಇದ್ದರೆ ಆ ಮೇಜು ಶುರುವಾಗುತ್ತದೆ. ಕಂಪ್ಲಿಯಿಂದಲೋ ಸಂಡೂರಿನಿಂದಲೋ ರೋಗಿ ಹೊರಟರೆ ಹಾಸಿಗೆ ಇದೆಯೇ ಎಂದು ಅಲ್ಲಿಂದ ಮೊದಲೇ ಉತ್ತರ ಬರಬೇಕು. ಹೊಸಪೇಟೆಯಿಂದ ಬಂದ ಕರೆಯನ್ನು ಬೇರೆ ಜಿಲ್ಲೆಯದೆಂದು ತಿರುಗಿಸಬಾರದು. ರೋಗಿ ಬಿಡುಗಡೆಯಾದ ದಿನವೇ ಕನ್ನಡದಲ್ಲಿ ಒಂದು ಪುಟದ ಉತ್ತರ ಉಪಕೇಂದ್ರಕ್ಕೆ ಹೊರಡಬೇಕು. ಈ ಬೇಡಿಕೆಯನ್ನು ಲಿಖಿತವಾಗಿ ಸಿದ್ಧಪಡಿಸಿ ತಂದಿದ್ದೇನೆ. ಪ್ರತಿಗಳು ವೇದಿಕೆಯ ಪಕ್ಕದ ಮೇಜಿನ ಮೇಲಿವೆ. ಒಪ್ಪಿಗೆಯಾದವರು ಸಹಿ ಹಾಕಬೇಕೆಂದೂ, ನಿಮ್ಮ ಹಳ್ಳಿಯ ಅನುಭವಕ್ಕೆ ಹೊಂದದ ಅಂಶಗಳಿದ್ದರೆ ತಿದ್ದಿ ಕೊಡಬೇಕೆಂದೂ ಕೇಳಿಕೊಳ್ಳುತ್ತೇನೆ.